ಅನ್‌ಸಬ್‌ಸ್ಕ್ರೈಬ್ ಒತ್ತದವರು ಪಟ್ಟಿಯಿಂದ ಹೊರಗೆ, ಒತ್ತಿದವರು ಮತ್ತೆ ಒಳಗೆ: ಎಲ್ಲಿ ತಪ್ಪುತ್ತಿದೆ?

ಗಂಜ್ ಪತ್ರ, ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಗಂಜಿನಲ್ಲಿರುವ ಒಂದು ಅಡತಿ ಅಂಗಡಿಯ ಲೆಕ್ಕಪತ್ರದ ಜೊತೆಗೆ ಅಲ್ಲಿನ ಕಂಪ್ಯೂಟರ್ ಕೆಲಸವನ್ನೂ ನಾನೇ ನೋಡಿಕೊಳ್ಳುತ್ತೇನೆ. ಪ್ರತಿ ಶನಿವಾರ ಸಂಜೆ ತೊಗರಿ, ಕಡಲೆ, ಹೆಸರು, ಉದ್ದುಗಳ ಆ ವಾರದ ಆವಕವನ್ನೂ ಕ್ವಿಂಟಲ್ ದರವನ್ನೂ ಒಂದು ಪುಟದಲ್ಲಿ ಬರೆದು, ದಾಲ್ ಮಿಲ್ಲಿನವರಿಗೆ, ಪರ ಊರಿನ ಖರೀದಿದಾರರಿಗೆ, ಹಾಗೂ ತಾವು ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿದ್ದರೂ ಆಳಂದ, ಸೇಡಂ ಕಡೆಯ ತಮ್ಮ ಹೊಲದ ತೊಗರಿಗೆ ಏನು ದರ ನಡೆದಿದೆ ಎಂದು ತಿಳಿಯಬಯಸುವವರಿಗೆ ಇಮೇಲ್ ಕಳುಹಿಸುತ್ತೇವೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತ ಮೇಲೆ ನಮ್ಮಲ್ಲಿ ವಿಚಾರಿಸುವವರು ಹೆಚ್ಚಾಗಿ, ಪಟ್ಟಿಯು ಈಗ ಸುಮಾರು 2,300 ವಿಳಾಸಗಳಿಗೆ ಬೆಳೆದಿದೆ.

ಪತ್ರದ ಅಡಿಯಲ್ಲಿ ಅನ್‌ಸಬ್‌ಸ್ಕ್ರೈಬ್ ಲಿಂಕ್ ಒಂದನ್ನು ಕೊಟ್ಟಿದ್ದೇನೆ. ಲಿಂಕಿನ ಕೊನೆಯಲ್ಲಿ ಓದುಗರ ಇಮೇಲ್ ವಿಳಾಸವೇ ಇರುತ್ತದೆ. ಒತ್ತಿದ ಕೂಡಲೇ ಡೇಟಾಬೇಸಿನಿಂದ ಆ ಸಾಲು ಅಳಿಸಿಹೋಗಿ, ‘ನಿಮ್ಮ ಚಂದಾ ರದ್ದಾಗಿದೆ’ ಎಂಬ ಪುಟ ತೆರೆಯುತ್ತದೆ. ಇದಕ್ಕಿಂತ ಸರಳವಾದದ್ದು ಇರಲಾರದು ಎಂದೇ ನಾನು ತಿಳಿದಿದ್ದೆ. ಆದರೆ ಮೂರು ತೊಂದರೆಗಳು ಒಂದರ ಹಿಂದೆ ಒಂದು ಬಂದಿವೆ.

ಮೊದಲನೆಯದು ನನಗೆ ಇನ್ನೂ ಬಗೆಹರಿದಿಲ್ಲ. ಕಳೆದ ತಿಂಗಳ ಎರಡನೇ ಶನಿವಾರ ಸಂಜೆ ಆರು ಗಂಟೆಗೆ ಪತ್ರ ಕಳುಹಿಸಿದೆ. ಮೂರೇ ನಿಮಿಷಗಳಲ್ಲಿ 17 ವಿಳಾಸಗಳು ಪಟ್ಟಿಯಿಂದ ಹೋದವು. ಸರ್ವರಿಗೆ ಬಂದ ವಿನಂತಿಗಳ ದಾಖಲೆಯಾದ ಲಾಗ್ ತೆಗೆದು ನೋಡಿದರೆ ಹದಿನೇಳೂ ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳ ವಿಳಾಸಗಳು. ನಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಗಾಬರಿಯಾಗಿ ಸೋಮವಾರ ನಾಲ್ಕು ಶಾಖೆಗಳಿಗೆ ಫೋನ್ ಮಾಡಿ ವಿಚಾರಿಸಿದಾಗ, ಪತ್ರವನ್ನು ತಾವು ಇನ್ನೂ ತೆರೆದೇ ಇಲ್ಲವೆಂದು ನಾಲ್ಕು ಕಡೆಯವರೂ ಹೇಳಿದರು.

ಎರಡನೆಯದು ಇದಕ್ಕೆ ವಿರುದ್ಧ. ಹುಮನಾಬಾದ್ ರಸ್ತೆಯ ಮಿಲ್ ಮಾಲೀಕರೊಬ್ಬರು ಮೂರು ಸಲ ಅನ್‌ಸಬ್‌ಸ್ಕ್ರೈಬ್ ಒತ್ತಿದ್ದಾರೆ. ಮೂರು ಸಲವೂ ಮುಂದಿನ ತಿಂಗಳು ಅವರಿಗೆ ಪತ್ರ ಹೋಗಿದೆ. ಕೊನೆಗೆ ಅವರೇ ಅಂಗಡಿಗೆ ಬಂದು, ‘ಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕ್ರಿ ನಿಮಗ’ ಎಂದು ಹತ್ತು ಜನರೆದುರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮೂರನೆಯದಾಗಿ, ‘ದಯವಿಟ್ಟು ಪತ್ರ ನಿಲ್ಲಿಸಿ’ ಎಂದು ಒಬ್ಬರು ಪತ್ರಕ್ಕೇ ಉತ್ತರ ಬರೆಯುತ್ತಿದ್ದಾರೆ. ಆದರೆ ಅವರು ಬರೆಯುತ್ತಿರುವ ವಿಳಾಸ ನಮ್ಮ ಪಟ್ಟಿಯಲ್ಲೇ ಇಲ್ಲ. ಇಲ್ಲದ ವಿಳಾಸವನ್ನು ತೆಗೆಯುವುದು ಹೇಗೆ?

ನಮ್ಮ ಸಾವ್ಕಾರರು ಹೇಳುವುದೇ ಬೇರೆ. ಬಿಡುವುದು ಇಷ್ಟು ಸುಲಭವಾದದ್ದರಿಂದಲೇ ಜನ ಬಿಡುತ್ತಿದ್ದಾರೆ, ಆದ್ದರಿಂದ ಪಾಸ್‌ವರ್ಡ್ ಕೇಳು, ಯಾಕೆ ಬಿಡುತ್ತೀರಿ ಎಂಬ ಕಾರಣವನ್ನೂ ಬರೆಸಿಕೋ ಎನ್ನುತ್ತಾರೆ. ಇದು ಸರಿಯೇ? ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.


ಬಿದ್ರಿ ಕೆತ್ತನೆ, ಬೀದರ್ (ಉತ್ತರ)

ನಿಮ್ಮ ಮೊದಲ ತೊಂದರೆಯ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಎರಡನೇ ಶನಿವಾರ ಬ್ಯಾಂಕಿಗೆ ರಜೆ. ಬಾಗಿಲು ಹಾಕಿದ ಹದಿನೇಳು ಶಾಖೆಗಳಲ್ಲಿ ಸಂಜೆ ಆರು ಗಂಟೆಗೆ ಕುಳಿತು ನಿಮ್ಮ ಲಿಂಕ್ ಒತ್ತಿದವರು ಮನುಷ್ಯರಾಗಿರಲು ಸಾಧ್ಯವಿಲ್ಲ.

ದೊಡ್ಡ ಸಂಸ್ಥೆಗಳ ಮೇಲ್ ಸರ್ವರಿನ ಮುಂದೆ ಕಾವಲಿನವನಂತೆ ಒಂದು ಸುರಕ್ಷತಾ ತಂತ್ರಾಂಶ ಇರುತ್ತದೆ. ಒಳಬರುವ ಪತ್ರದಲ್ಲಿರುವ ಲಿಂಕ್‌ಗಳು ವಂಚನೆಯ ಪುಟಗಳಿಗೆ ಒಯ್ಯುತ್ತವೆಯೇ ಎಂದು ತಿಳಿಯಲು, ಪತ್ರವು ನೌಕರನ ಕೈಗೆ ಸೇರುವ ಮೊದಲೇ ಅದು ಆ ಲಿಂಕ್‌ಗಳನ್ನು ತಾನೇ ತೆರೆದು ನೋಡುತ್ತದೆ. ನಿಮ್ಮ ಅನ್‌ಸಬ್‌ಸ್ಕ್ರೈಬ್ ಲಿಂಕನ್ನೂ ಹಾಗೆಯೇ ತೆರೆದಿದೆ. ತೆರೆದರೇ ಹೆಸರು ಅಳಿಸುವಂತೆ ನೀವು ಬರೆದಿರುವುದರಿಂದ ಹೆಸರು ಅಳಿಸಿದೆ. ವೆಬ್ಬಿನ ಹಳೆಯ ನಿಯಮವೊಂದನ್ನು ಇಲ್ಲಿ ಮರೆಯಬಾರದು: ಗೆಟ್ ವಿನಂತಿ ಇರುವುದು ನೋಡುವುದಕ್ಕೆ, ಪೋಸ್ಟ್ ವಿನಂತಿ ಇರುವುದು ಬದಲಿಸುವುದಕ್ಕೆ. ಲಿಂಕ್ ತೆರೆದಾಗ ಪುಟ ಮಾತ್ರ ಕಾಣಿಸಲಿ. ಪುಟದಲ್ಲಿ ಒಂದೇ ಒಂದು ಬಟನ್ ಇರಲಿ. ಅದನ್ನು ಒತ್ತಿದಾಗ ಹೋಗುವ ಪೋಸ್ಟ್ ವಿನಂತಿ ಬಂದರೆ ಮಾತ್ರ ಹೆಸರನ್ನು ತೆಗೆಯಿರಿ.

ಹಾಗಾದರೆ ಎರಡು ಹೆಜ್ಜೆ ಆಯಿತಲ್ಲ, ಒಂದೇ ಒತ್ತಿನಲ್ಲಿ ಮುಗಿಯಬೇಕೆಂದು ಜಿಮೇಲಿನವರು ಹೇಳುತ್ತಾರಲ್ಲ ಎಂದು ನೀವು ಕೇಳಬಹುದು. ಆ ‘ಒಂದೇ ಒತ್ತು’ ಪತ್ರದ ಅಡಿಯ ಲಿಂಕಿಗೆ ಸಂಬಂಧಿಸಿದ್ದಲ್ಲ. ಕಳುಹಿಸಿದವರ ಹೆಸರಿನ ಪಕ್ಕದಲ್ಲಿ ಜಿಮೇಲ್ ತಾನೇ ತೋರಿಸುವ ಅನ್‌ಸಬ್‌ಸ್ಕ್ರೈಬ್ ಬಟನ್ನಿಗೆ ಸಂಬಂಧಿಸಿದ್ದು. ಅದಕ್ಕಾಗಿ ಪತ್ರದ ಹೆಡರಿನಲ್ಲಿ, ಅಂದರೆ ಮೇಲ್ ಯಂತ್ರಗಳು ಓದುವ ಮೇಲ್ಭಾಗದಲ್ಲಿ, ಎರಡು ಸಾಲುಗಳನ್ನು ಸೇರಿಸಬೇಕು. ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್’ ಎಂಬ ಸಾಲು 1998ರ ಇಂಟರ್ನೆಟ್ ಮಾನದಂಡವಾದ ಆರ್‌ಎಫ್‌ಸಿ 2369ರಿಂದಲೂ ಇದೆ. ಅದರಲ್ಲಿ ನಿಮ್ಮ ಎಚ್‌ಟಿಟಿಪಿಎಸ್ ವಿಳಾಸವನ್ನು ಕೊಡಬೇಕು. ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್-ಪೋಸ್ಟ್’ ಎಂಬುದು 2017ರ ಆರ್‌ಎಫ್‌ಸಿ 8058 ತಂದದ್ದು. ಈ ಎರಡೂ ಸಾಲುಗಳು, ಪತ್ರ ನಿಮ್ಮದೇ ಎಂದು ದೃಢಪಡಿಸುವ ಡಿಕಿಮ್ ಎಂಬ ಡಿಜಿಟಲ್ ಸಹಿಯ ವ್ಯಾಪ್ತಿಯೊಳಗೆ ಬರಬೇಕು. ಓದುಗರು ಜಿಮೇಲಿನ ಬಟನ್ ಒತ್ತಿದಾಗ ಬರುವುದು ನೇರ ಪೋಸ್ಟ್ ವಿನಂತಿ. ಅದರೊಂದಿಗೆ ಕುಕಿ ಇರುವುದಿಲ್ಲ, ಲಾಗಿನ್ ಇರುವುದಿಲ್ಲ, ಮತ್ತು ನೀವು ಅದನ್ನು ಬೇರೆ ವಿಳಾಸಕ್ಕೆ ತಿರುಗಿಸುವಂತೆಯೂ ಇಲ್ಲ. ಕಾವಲಿನ ತಂತ್ರಾಂಶ ಕಳುಹಿಸುವುದು ಗೆಟ್ ಆದ್ದರಿಂದ ಎರಡೂ ದಾರಿಗಳು ಒಂದೇ ವಿಳಾಸದಲ್ಲಿ ಜಗಳವಿಲ್ಲದೆ ಇರಬಲ್ಲವು.

ಇಲ್ಲಿ ನಾನೇ ಎರಡು ದಿನ ಕಳೆದುಕೊಂಡ ಒಂದು ಜಾಗವನ್ನು ಹೇಳಿಬಿಡುತ್ತೇನೆ. ಬಿದ್ರಿ ಸಾಮಾನಿನ ಒಂದು ಅಂಗಡಿಗೆ ಈ ವ್ಯವಸ್ಥೆ ಮಾಡಿಕೊಟ್ಟಾಗ ಪುಟದ ಬಟನ್ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಜಿಮೇಲಿನ ಬಟನ್ ಮಾತ್ರ ಮಾಡುತ್ತಿರಲಿಲ್ಲ. ಲಾಗಿನಲ್ಲಿ ಸಾಲುಸಾಲಾಗಿ 419 ಎಂಬ ಸಂಖ್ಯೆ. ವೆಬ್ ತಾಣ ಕಟ್ಟಲು ಬಳಸಿದ್ದ ಲಾರಾವೆಲ್ ಎಂಬ ತಂತ್ರಾಂಶವು ತನ್ನ ಫಾರ್ಮಿನಿಂದ ಬಾರದ ಪೋಸ್ಟ್ ವಿನಂತಿಯನ್ನು ಸಿಎಸ್‌ಆರ್‌ಎಫ್ ರಕ್ಷಣೆಯ (ಬೇರೆ ತಾಣಗಳಿಂದ ಬರುವ ನಕಲಿ ವಿನಂತಿಗಳನ್ನು ತಡೆಯುವ ವ್ಯವಸ್ಥೆಯ) ಹೆಸರಿನಲ್ಲಿ ಬಾಗಿಲಲ್ಲೇ ತಡೆಯುತ್ತದೆ. ಅಂಥದೇ ಇನ್ನೊಂದು ತಂತ್ರಾಂಶವಾದ ಜ್ಯಾಂಗೋ ಬಳಸುವವರಿಗೆ ಅದೇ ತಡೆ 403 ಎಂದು ಕಾಣುತ್ತದೆ. ಈ ಒಂದು ವಿಳಾಸಕ್ಕೆ ಮಾತ್ರ ಆ ರಕ್ಷಣೆಯಿಂದ ವಿನಾಯಿತಿ ಕೊಡಬೇಕು.

ಹಾಗೆ ವಿನಾಯಿತಿ ಕೊಟ್ಟ ಮೇಲೆ ಲಿಂಕಿನಲ್ಲಿ ಬರಿಯ ಇಮೇಲ್ ವಿಳಾಸ ಇರುವುದು ಅಪಾಯ, ಏಕೆಂದರೆ ಎದುರಂಗಡಿಯವರ ವಿಳಾಸವನ್ನು ತುಂಬಿ ಯಾರು ಬೇಕಾದರೂ ಅವರ ಹೆಸರನ್ನು ತೆಗೆಯಬಹುದು. 1, 2, 3 ಎಂಬ ಕ್ರಮಸಂಖ್ಯೆಯೂ ಬೇಡ. ಪ್ರತಿ ಓದುಗರಿಗೂ ಊಹಿಸಲಾಗದ ಉದ್ದನೆಯ ಗುರುತಿನ ಅಕ್ಷರಮಾಲೆಯನ್ನು, ಅಂದರೆ ಟೋಕನ್ ಒಂದನ್ನು ಸೃಷ್ಟಿಸಿ ಅದನ್ನೇ ಲಿಂಕಿನಲ್ಲಿಡಿ, ಮತ್ತು ಅದಕ್ಕೆ ಅವಧಿ ಮುಗಿಯುವ ದಿನಾಂಕ ಇಡಬೇಡಿ. ದೀಪಾವಳಿಯ ಪತ್ರವನ್ನು ಯುಗಾದಿಗೆ ತೆರೆದು ಬೇಡವೆನ್ನುವವರೂ ಇರುತ್ತಾರೆ. ಇನ್ನೊಂದು ಮಾತು: ಯಾರು ಯಾವ ಲಿಂಕ್ ಒತ್ತಿದರೆಂದು ಎಣಿಸುವ ಟ್ರ್ಯಾಕಿಂಗ್ ಸೌಲಭ್ಯವನ್ನು ಬಳಸುತ್ತಿದ್ದರೆ ಅನ್‌ಸಬ್‌ಸ್ಕ್ರೈಬ್ ಲಿಂಕನ್ನು ಅದರಿಂದ ಹೊರಗಿಡಿ; ಟ್ರ್ಯಾಕಿಂಗ್ ಸರ್ವರ್ ನಿಂತ ದಿನ ಬಿಡುವ ದಾರಿಯೂ ಮುಚ್ಚಿಹೋಗುತ್ತದೆ.

ಪಾಸ್‌ವರ್ಡಿನ ಬಗ್ಗೆ ಸಾವ್ಕಾರರಿಗೆ ಹೀಗೆ ಹೇಳಿ ನೋಡಿ. ಬಿಡುವ ಬಾಗಿಲು ಸಿಗದ ಓದುಗ ಪಕ್ಕದಲ್ಲೇ ಇರುವ ‘ಸ್ಪ್ಯಾಮ್’ ಬಟನ್ ಒತ್ತುತ್ತಾನೆ. ಆ ದೂರುಗಳ ಪ್ರಮಾಣ ಶೇ. 0.3ಕ್ಕೆ ಮುಟ್ಟಬಾರದೆಂದು ಜಿಮೇಲ್ ಹೇಳುತ್ತದೆ. ನಿಮ್ಮ 2,300 ವಿಳಾಸಗಳೂ ಜಿಮೇಲಿನವೇ ಎಂದಿಟ್ಟುಕೊಂಡರೆ ಅದು ಕೇವಲ ಏಳು ಜನ. ಏಳು ಜನರ ಸಿಟ್ಟಿನಿಂದ, ದರ ಬೇಕೆಂದು ಕಾಯುತ್ತಿರುವ ಉಳಿದವರ ಪತ್ರವೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ.


ಭೀಮಾ ತೀರ, ಯಾದಗಿರಿ (ಉತ್ತರ)

ಬೀದರಿನ ಸದಸ್ಯರು ಯಂತ್ರದ ಒಳಗನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ಪುಟದ ಮೇಲಿನ ಕನ್ನಡದ ಬಗ್ಗೆ ಬರೆಯುತ್ತೇನೆ, ಏಕೆಂದರೆ ನೀವು ಬರೆದಿರುವ ‘ಚಂದಾ ರದ್ದಾಗಿದೆ’ ಎಂಬ ಮಾತಿನಿಂದಲೇ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ.

ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರವೊಂದರ ಸೂಚನೆಗಳನ್ನು ನಾನು ವಿದ್ಯಾರ್ಥಿಗಳಿಗೆ ಇಮೇಲ್ ಮಾಡುತ್ತೇನೆ. ಸಬ್‌ಸ್ಕ್ರಿಪ್ಷನ್ ಎಂದರೆ ಚಂದಾ ಎಂದು ನಿಘಂಟು ಹೇಳುತ್ತದೆಂದು ನಾನೂ ‘ಚಂದಾ ರದ್ದುಮಾಡಿ’ ಎಂದು ಬರೆದಿದ್ದೆ. ಶಹಾಪುರ ಕಡೆಯ ಹುಡುಗನೊಬ್ಬ ಅದನ್ನು ಒತ್ತಿದ್ದ. ಪುಟ ತೆರೆದೇ ಇದ್ದ ಮೊಬೈಲು ಅವನ ತಂದೆಯ ಕೈಗೆ ಸಿಕ್ಕಿತ್ತು. ಮರುದಿನ ಅವರು ಫೋನ್ ಮಾಡಿ ಕೇಳಿದ್ದು, ‘ನಮ್ಮ ಹುಡುಗ ಚಂದಾ ಯಾವಾಗ ಕಟ್ಟ್ಯಾನ್ರಿ, ಎಷ್ಟ್ ಕಟ್ಟ್ಯಾನ?’ ನಮ್ಮ ಕಡೆ ಚಂದಾ ಎಂದರೆ ಜೇಬಿನಿಂದ ಹೋಗುವ ದುಡ್ಡು. ಗಣೇಶನಿಗೆ ಎತ್ತುವುದೂ ಚಂದಾ, ಜಾತ್ರೆಗೆ ಎತ್ತುವುದೂ ಚಂದಾ. ಪುಕ್ಕಟೆ ಪತ್ರಕ್ಕೆ ಆ ಪದ ಹೊಂದುವುದಿಲ್ಲ.

‘ರದ್ದು’ ಎಂಬುದು ಅದಕ್ಕಿಂತ ಹೆಚ್ಚು ತೊಡಕಿನ ಪದ. ಒಂದೇ ಪುಟದಲ್ಲಿ ‘ಖಚಿತಪಡಿಸಿ’ ಮತ್ತು ‘ರದ್ದುಮಾಡಿ’ ಎಂಬ ಎರಡು ಬಟನ್‌ಗಳನ್ನು ಇಟ್ಟರೆ, ರದ್ದಾಗುವುದು ಪತ್ರ ಬರುವುದೋ ಅಥವಾ ಪತ್ರ ನಿಲ್ಲಿಸುವ ಈ ಕೆಲಸವೋ ಎಂಬುದು ಓದಿದವರಿಗೆ ತಿಳಿಯುವುದಿಲ್ಲ. ಬಟನ್ನಿನ ಮೇಲೆ ಪೂರ್ತಿ ವಾಕ್ಯವನ್ನೇ ಬರೆಯಿರಿ. ನಾನು ಈಗ ಬರೆದಿರುವುದು ‘ಈ ಪತ್ರ ನನಗೆ ಇನ್ನು ಮುಂದೆ ಬೇಡ’ ಎಂದು. ಒತ್ತಿದ ಮೇಲೆ ‘ನಿಮಗೆ ಇನ್ನು ಈ ಪತ್ರ ಬರುವುದಿಲ್ಲ’ ಎಂದು ಕಾಣಿಸುತ್ತದೆ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಕೈ ತಪ್ಪಿ ಒತ್ತಿದ್ದರೆ ಇಲ್ಲಿ ಮರಳಿ ಸೇರಿಕೊಳ್ಳಿ’ ಎಂಬ ಲಿಂಕ್ ಇರುತ್ತದೆ. ದರದ ಪತ್ರವನ್ನು ಜನ ಒಬ್ಬರಿಗೊಬ್ಬರು ಫಾರ್ವರ್ಡ್ ಮಾಡುವುದರಿಂದ ನಿಮಗೂ ಈ ಕೊನೆಯ ಸಾಲು ಬೇಕಾಗುತ್ತದೆ. ಬೇರೆಯವರು ತಮ್ಮದೆಂದು ತಿಳಿದು ಒತ್ತುವುದು ಮೂಲ ಓದುಗರ ಲಿಂಕನ್ನೇ. ಅದೇ ಕಾರಣಕ್ಕೆ ಪುಟದ ಮೇಲ್ಭಾಗದಲ್ಲಿ ಯಾವ ವಿಳಾಸವನ್ನು ತೆಗೆಯಲಾಗುತ್ತಿದೆ ಎಂಬುದನ್ನು, ಮೊದಲ ಎರಡು ಅಕ್ಷರ ಉಳಿಸಿ ಮಿಕ್ಕದ್ದಕ್ಕೆ ಚುಕ್ಕಿ ಹಾಕಿ ತೋರಿಸುವುದು ಒಳ್ಳೆಯದು.

ಪುಟದ ಕನ್ನಡ ಯೂನಿಕೋಡಿನಲ್ಲಿಯೇ ಇರಬೇಕು. ಅಂಗಡಿಯಲ್ಲಿ ಯಾರಾದರೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟದ್ದನ್ನು ನೇರವಾಗಿ ಅಂಟಿಸಿದರೆ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ, ಮತ್ತು ಆ ಸಾಲು ಕಂಡವರು ಇದು ಕಳ್ಳರ ಪುಟವೆಂದೇ ತಿಳಿಯುತ್ತಾರೆ. ಹೈದರಾಬಾದಿನ ಖರೀದಿದಾರರಿಗಾಗಿ ಅದೇ ವಾಕ್ಯವನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲೂ ಕೊಡಿ. ಉರ್ದು ಕೊಡುವುದಾದರೆ ಆ ಭಾಗಕ್ಕೆ ಬಲದಿಂದ ಎಡಕ್ಕೆ ಎಂಬ ಸೂಚನೆಯನ್ನು ಎಚ್‌ಟಿಎಂಎಲ್‌ನಲ್ಲಿ ಪ್ರತ್ಯೇಕವಾಗಿ ಬರೆಯಬೇಕು.

ಕಾರಣ ಕೇಳುವ ವಿಷಯದಲ್ಲಿ ನನ್ನ ಅಭಿಪ್ರಾಯ: ಕೇಳಬಹುದು, ಆದರೆ ಹೆಸರು ತೆಗೆದ ಮೇಲೆ, ಉತ್ತರಿಸಲೇಬೇಕೆಂಬ ಕಡ್ಡಾಯವಿಲ್ಲದೆ. ‘ವಾರಕ್ಕೊಮ್ಮೆ ಹೆಚ್ಚಾಯಿತು’ ಎಂದು ಬರೆದವರು ನಮ್ಮಲ್ಲಿ ಹಲವರಿದ್ದದ್ದರಿಂದ ನಾವು ತಿಂಗಳ ಪತ್ರವನ್ನು ಆರಂಭಿಸಿದೆವು.


ಕೀರ್ದಿ ಖಾತೆ, ಕಲಬುರಗಿ (ಉತ್ತರ)

ಕಾರಣ ಕೇಳುವುದನ್ನು ನಾನು ಒಪ್ಪುವುದಿಲ್ಲ. ಬಾಗಿಲು ದಾಟಿದವರನ್ನು ಕೂಗಿ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ. ಅದು ಹಾಗಿರಲಿ. ಮಿಲ್ ಮಾಲೀಕರು ಮೂರು ಸಲ ಮರಳಿ ಬಂದದ್ದಕ್ಕೆ ಪುಟ ಕಾರಣವಲ್ಲ, ಅದರ ಹಿಂದಿರುವ ಲೆಕ್ಕ ಕಾರಣ. ತಿಂಗಳ ಆರಂಭದಲ್ಲಿ ನಿಮ್ಮ ಅಂಗಡಿಯಿಂದ ಗ್ರಾಹಕರ ಎಕ್ಸೆಲ್ ಕಡತವನ್ನು ಪಟ್ಟಿಗೆ ಏರಿಸುತ್ತೀರೆಂದು ನನ್ನ ಊಹೆ.

ಅನ್‌ಸಬ್‌ಸ್ಕ್ರೈಬ್ ಒತ್ತಿದಾಗ ನೀವು ಸಾಲನ್ನೇ ಅಳಿಸುತ್ತೀರಿ. ಅಳಿಸಿದ ಮೇಲೆ, ಅವರು ಬೇಡವೆಂದಿದ್ದರು ಎಂಬ ನೆನಪೂ ಅಳಿಯಿತು. ಮುಂದಿನ ಕಡತದಲ್ಲಿ ಅವರ ವಿಳಾಸ ಮತ್ತೆ ಬಂದಾಗ, ಇದು ಹೊಸ ಹೆಸರು ಎಂದೇ ನಿಮ್ಮ ಡೇಟಾಬೇಸ್ ಭಾವಿಸಿ ಸೇರಿಸಿಕೊಳ್ಳುತ್ತದೆ. ನೀವು ಲೆಕ್ಕ ಬರೆಯುವವರು. ಕೀರ್ದಿಯಲ್ಲಿ ಬೇಡವಾದ ಬಾಬನ್ನು ನಾವು ಹಾಳೆ ಹರಿದು ತೆಗೆಯುತ್ತೇವೆಯೇ? ಎದುರು ನಮೂದು ಹಾಕುತ್ತೇವೆ. ಇಲ್ಲಿಯೂ ಹಾಗೆಯೇ, ‘ಕಳುಹಿಸಬಾರದವರು’ ಎಂಬ ಪ್ರತ್ಯೇಕ ಕೋಷ್ಟಕವೊಂದನ್ನು ತೆರೆದು, ವಿಳಾಸ, ಯಾವ ಪತ್ರ, ಯಾವ ದಿನ ಎಷ್ಟು ಗಂಟೆ, ಪುಟದಿಂದಲೋ ಜಿಮೇಲ್ ಬಟನ್ನಿನಿಂದಲೋ ಫೋನಿನಿಂದಲೋ ಎಂಬುದನ್ನು ಬರೆದಿಡಿ. ಎಕ್ಸೆಲ್ ಎಷ್ಟು ಸಲ ಬೇಕಾದರೂ ಏರಲಿ, ಈ ಕೋಷ್ಟಕದಲ್ಲಿರುವ ವಿಳಾಸವು ಓದುಗರು ತಾವಾಗಿಯೇ ಮರಳಿ ಸೇರಿಕೊಳ್ಳದ ಹೊರತು ಪಟ್ಟಿಗೆ ಬರಬಾರದು.

ಹೋಲಿಸುವ ಮೊದಲು ವಿಳಾಸಗಳನ್ನು ಒಂದೇ ರೂಪಕ್ಕೆ ತರುವುದನ್ನು ಮರೆಯಬೇಡಿ. ಎಕ್ಸೆಲ್‌ನಲ್ಲಿ ವಿಳಾಸದ ಕೊನೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದಿರುತ್ತದೆ, ಅಥವಾ ಮೊದಲ ಅಕ್ಷರ ದೊಡ್ಡಕ್ಷರವಾಗಿರುತ್ತದೆ. ಅಷ್ಟರಿಂದಲೇ ಎರಡೂ ಬೇರೆ ಬೇರೆ ವಿಳಾಸಗಳೆಂದು ಯಂತ್ರ ತಿಳಿಯುತ್ತದೆ. ನಾನು ಒಂದು ಇಡೀ ಭಾನುವಾರವನ್ನು ಒಂದು ಖಾಲಿ ಜಾಗ ಹುಡುಕುವುದರಲ್ಲಿ ಕಳೆದಿದ್ದೇನೆ.

ಮೂರನೆಯ ತೊಂದರೆ ಸುಲಭದ್ದು. ಅವರು ಹಿಂದೆ ಯಾವುದೋ ಹಳೆಯ ವಿಳಾಸದಿಂದ ಸೇರಿದ್ದು, ಆ ವಿಳಾಸದ ಪತ್ರಗಳೆಲ್ಲ ಈಗಿನ ವಿಳಾಸಕ್ಕೆ ತಾನಾಗಿ ಫಾರ್ವರ್ಡ್ ಆಗುತ್ತಿರಬೇಕು. ಉತ್ತರ ಬರುವುದು ಹೊಸ ವಿಳಾಸದಿಂದ, ಪಟ್ಟಿಯಲ್ಲಿರುವುದು ಹಳೆಯದು. ಟೋಕನ್ ಇರುವ ಲಿಂಕ್ ಬಂದರೆ ಅವರು ಒತ್ತಿದಾಗ ಹಳೆಯ ವಿಳಾಸವೇ ಹೋಗುತ್ತದೆ. ಅಲ್ಲಿಯವರೆಗೆ, ಅವರಿಗೆ ಬಂದ ಪತ್ರದ ಮೂಲ ಹೆಡರನ್ನು ಕಳುಹಿಸಿಕೊಡಲು ಕೇಳಿ. ‘ಯಾರಿಗೆ’ ಎಂಬ ಸಾಲಿನಲ್ಲಿ ಆ ವಿಳಾಸ ಸಿಗುತ್ತದೆ.


ಗಂಜ್ ಪತ್ರ, ಕಲಬುರಗಿ

ಮೂವರಿಗೂ ಅನಂತ ವಂದನೆಗಳು. ಎಕ್ಸೆಲ್ ಊಹೆ ನೂರಕ್ಕೆ ನೂರು ಸರಿ. ಟೋಕನ್, ಒಂದೇ ಬಟನ್ನಿನ ಪುಟ, ‘ಕಳುಹಿಸಬಾರದವರು’ ಕೋಷ್ಟಕ ಎಲ್ಲವೂ ಆಗಿವೆ. ಹೆಡರಿನ ಎರಡು ಸಾಲುಗಳನ್ನೂ ಸೇರಿಸಿದ್ದೇನೆ. ಕಾರಣದ ಪ್ರಶ್ನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ಫೋನಿನಲ್ಲಿ ಒಪ್ಪಿಗೆ ಕೇಳಿಕೊಂಡು ಬ್ಯಾಂಕಿನ ಹದಿನೇಳು ವಿಳಾಸಗಳನ್ನು ಮರಳಿ ಸೇರಿಸಿದೆ.

ಆದರೆ ಹೊಸದೊಂದು ಬಂದಿದೆ. ಪತ್ರಗಳು ಅಂಗಡಿಯ ಕಂಪ್ಯೂಟರಿನಿಂದ ಸಾಲಾಗಿ ಹೋಗುತ್ತವೆ. ಹಿಂದಿನ ಶನಿವಾರ ಅರ್ಧ ಹೋಗಿರುವಾಗ ಕರೆಂಟ್ ಹೋಯಿತು. ಮಿಕ್ಕದ್ದನ್ನು ಸೋಮವಾರ ಮುಂದುವರಿಸಿದೆ. ನಡುವೆ ಭಾನುವಾರ ಹಳೆಯ ಪತ್ರವೊಂದರ ಲಿಂಕಿನಿಂದ ಇಬ್ಬರು ಬಿಟ್ಟಿದ್ದರು, ಅವರಿಗೂ ಪತ್ರ ಹೋಯಿತು. ಜೊತೆಗೆ, ಇದಕ್ಕೆಲ್ಲ ಕಾನೂನು ಏನಾದರೂ ಇದೆಯೇ ಎಂದು ಸಾವ್ಕಾರರು ಕೇಳುತ್ತಿದ್ದಾರೆ.


ಬಿದ್ರಿ ಕೆತ್ತನೆ, ಬೀದರ್

ಪಟ್ಟಿ ತಯಾರಿಸುವಾಗ ಒಮ್ಮೆ ಕೋಷ್ಟಕವನ್ನು ನೋಡಿ ಬಿಟ್ಟರೆ ಸಾಲದು. ಒಂದೊಂದು ಪತ್ರ ಹೊರಡುವ ಕ್ಷಣದಲ್ಲೂ ಆ ವಿಳಾಸ ‘ಕಳುಹಿಸಬಾರದವರು’ ಕೋಷ್ಟಕದಲ್ಲಿ ಇದೆಯೇ ಎಂದು ನೋಡಬೇಕು. 2,300 ಸಲ ನೋಡಿದರೂ ಯಂತ್ರಕ್ಕೆ ಅದೇನೂ ಭಾರವಲ್ಲ.

ಕಾನೂನಿನ ವಿಷಯಕ್ಕೆ ಬಂದರೆ, ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಕಲಮು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು ಎನ್ನುತ್ತದೆ. ಕಾಯ್ದೆಯು ಹಂತಹಂತವಾಗಿ ಜಾರಿಗೆ ಬರುತ್ತಿದೆ. ನಿಮ್ಮ ಪಟ್ಟಿಗೆ ಸೇರುವಾಗ ಪಾಸ್‌ವರ್ಡ್ ಕೇಳಲಿಲ್ಲವಾದ್ದರಿಂದ ಬಿಡುವಾಗಲೂ ಕೇಳುವಂತಿಲ್ಲ ಎಂದೇ ನಾನು ಅದನ್ನು ಓದುತ್ತೇನೆ. ಅದೇ ವರ್ಷ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಬಿಡುವ ದಾರಿಯನ್ನು ಸುತ್ತುಬಳಸು ಮಾಡುವುದೂ, ‘ಬೇಡ, ನನಗೆ ಲಾಭದ ದರ ಬೇಕಿಲ್ಲ’ ಎಂಬಂತಹ ಬಟನ್ನಿನಿಂದ ಓದುಗರನ್ನು ಮುಜುಗರಪಡಿಸುವುದೂ ಆ ಹದಿಮೂರರಲ್ಲಿ ಇವೆ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಕೋರಿಕೆಯನ್ನು ಈಡೇರಿಸಲು ಹತ್ತು ಕೆಲಸದ ದಿನ ಕೊಡುತ್ತದೆ. ದೊಡ್ಡ ಪ್ರಮಾಣದಲ್ಲಿ (ಜಿಮೇಲಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 5,000 ಅಥವಾ ಹೆಚ್ಚು) ಪತ್ರ ಕಳುಹಿಸುವವರಿಗಾಗಿ 2024ರಲ್ಲಿ ಜಾರಿಗೆ ತಂದ ನಿಯಮಗಳಲ್ಲಿ ಜಿಮೇಲ್ ಮತ್ತು ಯಾಹೂ ಕೊಡುವುದು ಎರಡೇ ದಿನ. ನೀವು ಆ ಸಂಖ್ಯೆಯವರಲ್ಲ, ಆದರೂ ಎರಡು ದಿನದ ಗಡುವನ್ನೇ ಪಾಲಿಸಿ. ಕೋಷ್ಟಕ ನೋಡಿ ಕಳುಹಿಸಿದರೆ ಎರಡು ಕ್ಷಣವೂ ಬೇಡ.

ಒಂದು ಎಚ್ಚರಿಕೆ ಉಳಿದಿದೆ. ಅದೇ ಮಿಲ್ಲಿನವರಿಗೆ ವ್ಯಾಪಾರದ ಲೆಕ್ಕಪಟ್ಟಿ, ರಸೀದಿಗಳನ್ನು ಇಮೇಲ್ ಮಾಡುತ್ತೀರಾದರೆ, ದರದ ಪತ್ರ ಬೇಡವೆಂದವರ ರಸೀದಿ ನಿಲ್ಲದಂತೆ ನೋಡಿಕೊಳ್ಳಿ. ಕೋಷ್ಟಕದಲ್ಲಿ ‘ಯಾವ ಪತ್ರ’ ಎಂಬ ಕಾಲಂ ಇಡಲು ಕೀರ್ದಿ ಖಾತೆಯವರು ಹೇಳಿದ್ದು ಅದಕ್ಕೇ ಇರಬೇಕು.


ಗಂಜ್ ಪತ್ರ, ಕಲಬುರಗಿ

ಹೊರಡುವ ಕ್ಷಣದಲ್ಲಿ ನೋಡುವ ಪರೀಕ್ಷೆಯನ್ನು ಸೇರಿಸಿ ಈ ಶನಿವಾರದ ಪತ್ರ ಕಳುಹಿಸಿದೆ. ಆರು ಗಂಟೆ ಮೂರು ನಿಮಿಷಕ್ಕೆ ಲಾಗಿನಲ್ಲಿ ಅದೇ ಬ್ಯಾಂಕಿನ ಹದಿನೇಳು ಗೆಟ್ ವಿನಂತಿಗಳು ಸಾಲಾಗಿ ಬಂದು ಹೋದವು. ಒಂದು ಹೆಸರೂ ಅಲುಗಲಿಲ್ಲ. ಸೋಮವಾರ ಬೆಳಿಗ್ಗೆ 10.40ಕ್ಕೆ ಆ ಹದಿನೇಳರಲ್ಲಿ ಒಂದು ಶಾಖೆಯಿಂದ ಪೋಸ್ಟ್ ವಿನಂತಿ ಬಂದಿದೆ. ಅವರಿಗೆ ಪತ್ರ ನಿಜವಾಗಿಯೂ ಬೇಡವಾಗಿದೆ. ಕೋಷ್ಟಕದಲ್ಲಿ ಸಮಯ ಸಹಿತ ನಮೂದಾಗಿದೆ.